ಅಂಬಾಸಿಡರ್ ಕಾರಿನ ಮೂಕ ಹಾರ್ನು

ನಮ್ಮದು ರೋಣ ಸೀಮೆಯ, ಭೀಮಾಂಬಿಕೆಯ ಇಟಗಿ. ಮಹಾದೇವ ದೇವಾಲಯದ ಇಟಗಿ ಕೊಪ್ಪಳ ಜಿಲ್ಲೆಯದು. ಚಕ್ಕಡಿ, ಕುರಿಹಿಂಡುಗಳು ಸಾಗುವ ಈ ಎರೆನಾಡಿನ ದಾರಿಗಳಲ್ಲಿ ಕಾರಿನ ಹಾರ್ನಿಗೆ ಬ್ರೇಕಿನಷ್ಟೇ ಮಹತ್ವ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ ಹಿಂದುಸ್ತಾನ್ ಮೋಟರ್ಸ್ ಸಂಸ್ಥೆಯು 1957ರಿಂದ ಅಂಬಾಸಿಡರ್ ತಯಾರಿಸಿತು; ಬಂಗಾಳದ ಉತ್ತರಪಾರಾದಲ್ಲಿ 2014ರಲ್ಲಿ ಅದು ನಿಂತಿತು. ಇಷ್ಟು ದೀರ್ಘಕಾಲ ಅದು ಬಾಳಿದ್ದಕ್ಕೆ ಹಳ್ಳಿಯ ಮಿಸ್ತ್ರಿಗೂ ಅದು ಅರ್ಥವಾಗುತ್ತಿದ್ದುದು ಒಂದು ಕಾರಣವೆಂದು ನನ್ನ ಎಣಿಕೆ.

ಹಾರ್ನನ್ನೇ ನೋಡಿರಿ. ಇಂಥ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿಯ ವಿದ್ಯುತ್ತು ಹಾರ್ನಿನವರೆಗೆ ಬಂದು ಕಾದಿರುತ್ತದೆ. ಸ್ಟಿಯರಿಂಗಿನ ಗುಂಡಿ ಒತ್ತಿದಾಗ ತಂತಿಯು ಕಾರಿನ ಕಬ್ಬಿಣದ ಮೈಯನ್ನು ಕೂಡಿ ವಿದ್ಯುನ್ಮಂಡಲ ಪೂರ್ಣವಾಗುತ್ತದೆ. (ತರಗತಿಯ ಆ ಪಾಠ ನೆನಪಿದೆಯಷ್ಟೆ?) ಹಾರ್ನು ಮೂಕವಾದರೆ ಮೊದಲು ಫ್ಯೂಸು ನೋಡಬೇಕು. ಬಳಿಕ ಗುಂಡಿಯ ಕಡೆಯಿಂದ ಬರುವ ತಂತಿಯನ್ನು ಕಾರಿನ ಮೈಗೆ ತಾಗಿಸಬೇಕು. ಕೂಗಿತೆಂದರೆ ಹಾರ್ನು ಸುಸ್ಥಿತಿಯಲ್ಲಿದೆ, ಕೆಟ್ಟಿರುವುದು ಗುಂಡಿಯ ಕಾಂಟ್ಯಾಕ್ಟು. ಆಗ ಬ್ಯಾಟರಿಯ ತಂತಿ ಕಳಚಿ, ಗುಂಡಿ ಬಿಚ್ಚಿ, ಕಪ್ಪಿಟ್ಟ ತುದಿಯನ್ನು ನುಣ್ಣನೆಯ ಪಾಲಿಶ್ ಕಾಗದದಿಂದ ಉಜ್ಜಬೇಕು. ಸ್ಪ್ರಿಂಗು ಸೋತಿದ್ದರೆ ಬದಲಿಸಬೇಕು. ಮುರಿದ ಹಿತ್ತಾಳೆ ಪಟ್ಟಿಗೆ ಹೊಸ ತುಣುಕನ್ನು ಬೆಸುಗೆ ಹಾಕಿದರೆ ಸಾಕು.

ಏರ್‌ಬ್ಯಾಗ್ ಇರುವ ಇಂದಿನ ಕಾರಿನ ಸ್ಟಿಯರಿಂಗನ್ನು ಮಾತ್ರ ಹೀಗೆ ಮನೆಯಂಗಳದಲ್ಲಿ ಬಿಚ್ಚಲು ಹೋಗಬೇಡಿರಿ. ಅದು ಸಿಡಿದರೆ ಅಪಾಯ.