ವಿ.ಪಿ.ಪಿ. ಪೊಟ್ಟಣದಿಂದ ಆನ್‌ಲೈನ್ ಪೆಟ್ಟಿಗೆಯವರೆಗೆ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. "ಸಾರ್, ಊರಿನಲ್ಲಿ ಅಪ್ಪ ಅಮ್ಮನಿಗೆ ಒಂದು ಫ್ರಿಜ್ ಕೊಡಿಸಬೇಕು. ಮೂಡಿಗೆರೆಯ ಅಂಗಡಿಯಲ್ಲಿ ಕೊಳ್ಳಲೋ, ಆನ್‌ಲೈನಿನಲ್ಲಿ ಕಳುಹಿಸಲೋ? ಯಾವುದರಲ್ಲಿ ದುಡ್ಡು ಉಳಿಯುತ್ತದೆ?" ಎಂದು ಕೇಳಿದ. ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನವನ್ನು ಬೋಧಿಸಿದ ನನಗೆ ಒಂದೇ ವಾಕ್ಯದಲ್ಲಿ ಉತ್ತರ ಹೇಳುವ ಅಭ್ಯಾಸವಿಲ್ಲ. ನಾಳೆ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಅಂದು ರಾತ್ರಿ ಕುಳಿತು ಯೋಚಿಸಿದಾಗ ಈ ಪ್ರಶ್ನೆ ನಮ್ಮ ಕಾಫಿ ಸೀಮೆಗೆ ಹೊಸದೇನೂ ಅಲ್ಲವೆಂದು ಹೊಳೆಯಿತು. ನಮ್ಮ ತಂದೆಯವರೂ ಇದೇ ಪ್ರಶ್ನೆಯನ್ನು ಎದುರಿಸಿದ್ದರು.

ನಾನು ಹುಟ್ಟಿದ್ದು 1958ರಲ್ಲಿ. ತಂದೆ ಕಳಸದ ಸಮೀಪದ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ವಾರಕ್ಕೊಮ್ಮೆ ಬಟವಾಡೆ, ಅದರ ಬೆನ್ನಿಗೇ ಸಂತೆ. ಕೂಲಿಯ ಹಣ ಲೈನ್ ಮನೆಗಳನ್ನು ತಲುಪುವ ಮೊದಲೇ ಅರ್ಧ ಸಂತೆಯ ಪಾಲಾಗುತ್ತಿತ್ತು. ನಮ್ಮ ಮನೆಯಲ್ಲಿ ಯಂತ್ರವೆಂದು ಕರೆಯಬಹುದಾಗಿದ್ದ ವಸ್ತುಗಳು ಮೂರೇ: ಗೋಡೆ ಗಡಿಯಾರ, ಬ್ಯಾಟರಿ ದೀಪ ಮತ್ತು ಕಾಫಿ ಬೀಜ ಪುಡಿ ಮಾಡುವ ಕೈಯಂತ್ರ. ಉಳಿದ ಕೆಲಸವನ್ನೆಲ್ಲ ಒರಳು, ಬೀಸುವ ಕಲ್ಲು ಮತ್ತು ಅಮ್ಮನ ರಟ್ಟೆ ಮಾಡುತ್ತಿದ್ದವು. ಸಂತೆಯಲ್ಲಿ ಸೀಗಡಿ, ಬೆಲ್ಲ, ಕಂಬಳಿ ಸಿಗುತ್ತಿದ್ದವೇ ಹೊರತು ರೇಡಿಯೋ ಸಿಗುತ್ತಿರಲಿಲ್ಲ. ಅಂಥದ್ದಕ್ಕೆ ಚಿಕ್ಕಮಗಳೂರಿಗೆ ಹೋಗಬೇಕು, ಇಲ್ಲವೇ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು. ಎರಡೂ ಒಲ್ಲೆ ಎನ್ನುವವರಿಗೆ ಮೂರನೆಯ ದಾರಿಯೊಂದಿತ್ತು. ಅದೇ ವಿ.ಪಿ.ಪಿ.

ಇಂದಿನ ಮಕ್ಕಳಿಗೆ ಈ ಮೂರಕ್ಷರದ ಪರಿಚಯವಿರಲಾರದು. ಭಾರತದ ಅಂಚೆ ಇಲಾಖೆ 1877ರಲ್ಲಿಯೇ ಈ ವ್ಯವಸ್ಥೆಯನ್ನು ಜಾರಿಗೆ ತಂದಿತ್ತು. ಮುಂದೆ 1880ರಲ್ಲಿ ಮನಿಯಾರ್ಡರ್ ಬಂದಿತು. ಪತ್ರಿಕೆಯಲ್ಲಿ ಜಾಹೀರಾತು ನೋಡಿ ಒಂದು ಕಾರ್ಡು ಬರೆದು ಹಾಕಿದರೆ ಸಾಕು, ದೂರದ ಊರಿನ ವರ್ತಕ ವಸ್ತುವನ್ನು ಅಂಚೆಗೆ ಹಾಕುತ್ತಿದ್ದ. ಪೊಟ್ಟಣ ನಮ್ಮ ಅಂಚೆ ಕಚೇರಿಗೆ ಬಂದಾಗ ಬೆಲೆಯನ್ನು ತೆತ್ತು ಬಿಡಿಸಿಕೊಳ್ಳಬೇಕು. ಆ ಹಣವನ್ನು ಅಂಚೆಯೇ ವರ್ತಕನಿಗೆ ಮನಿಯಾರ್ಡರ್ ಮೂಲಕ ತಲುಪಿಸುತ್ತಿತ್ತು. ಪುಸ್ತಕ, ಪಂಚಾಂಗ, ಗಡಿಯಾರ, ಔಷಧಿ ಹೀಗೆ ಎಷ್ಟೋ ವಸ್ತುಗಳು ಮಲೆನಾಡಿನ ಮೂಲೆಯ ಮನೆಗಳಿಗೆ ಬಂದದ್ದು ಈ ದಾರಿಯಲ್ಲೇ. ಒಂದೇ ತೊಡಕು, ಹಣ ಕೊಡುವ ಮೊದಲು ಪೊಟ್ಟಣ ಬಿಚ್ಚುವಂತಿರಲಿಲ್ಲ.

1971ರಲ್ಲಿ ತಂದೆಯವರು ಹೀಗೆಯೇ ಒಂದು ಟ್ರಾನ್ಸಿಸ್ಟರ್ ತರಿಸಿದರು. ಜಾಹೀರಾತಿನಲ್ಲಿ ಬೆಲೆ 85 ರೂಪಾಯಿ. ಚಿಕ್ಕಮಗಳೂರಿನ ಅಂಗಡಿಯಲ್ಲಿ ಅಂಥದ್ದಕ್ಕೆ ಹೆಚ್ಚುಕಡಿಮೆ ಎರಡರಷ್ಟು. ಆ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸ್ ಶುಲ್ಕ ಕಟ್ಟಬೇಕಾಗಿತ್ತು. ತಂದೆ ಅದನ್ನೂ ಕಟ್ಟಿ ಬಂದರು. ಒಂದು ತಿಂಗಳು ಭದ್ರಾವತಿ ಆಕಾಶವಾಣಿ ನಮ್ಮ ಜಗಲಿಯಲ್ಲಿ ಮಾತಾಡಿತು. ಆಮೇಲೆ ಪೆಟ್ಟಿಗೆ ಮೂಕವಾಯಿತು. ತಂದೆ ವರ್ತಕನಿಗೆ ಬರೆದ ನಾಲ್ಕು ಪತ್ರಗಳಿಗೂ ಉತ್ತರ ಬರಲಿಲ್ಲ. ಅಮ್ಮ ಹೇಳಿದ್ದು ಇಷ್ಟೇ: "ಅಂಗಡಿಯಾಗಿದ್ದರೆ ಬಾಗಿಲಲ್ಲಿ ಹೋಗಿ ನಿಂತಾದರೂ ಕೇಳಬಹುದಿತ್ತು." ಮರುವರ್ಷ ತಂದೆ ಚಿಕ್ಕಮಗಳೂರಿನ ಅಂಗಡಿಯಲ್ಲಿ ಕಂತಿನ ಮೇಲೆ ಮತ್ತೊಂದು ರೇಡಿಯೋ ಕೊಂಡರು. ಹೀಗಾಗಿ ನಮ್ಮ ಮನೆಯ ರೇಡಿಯೋಗೆ ನಾವು ಎರಡು ಸಲ ಹಣ ತೆತ್ತಂತಾಯಿತು, ಲೈಸೆನ್ಸ್ ಶುಲ್ಕ ಬೇರೆ.

ಹಾಗಾದರೆ ಅಂಗಡಿಯೇ ಮೇಲೋ? ಅದನ್ನೂ ಇತಿಹಾಸದ ತಕ್ಕಡಿಯಲ್ಲಿಟ್ಟು ತೂಗಬೇಕು. 1942ರ ಕಾಫಿ ಕಾಯಿದೆಯ ಅಡಿಯಲ್ಲಿ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಮಂಡಳಿ ಮೊದಲು ಒಂದು ಮುಂಗಡ ಕೊಡುತ್ತಿತ್ತು. ಉಳಿದದ್ದು ಕಾಫಿ ಮಾರಾಟವಾದ ಹಾಗೆ ಕಂತುಕಂತಾಗಿ ಬರುತ್ತಿತ್ತು. ಕೊಯ್ಲು ಮುಗಿದು ಎಷ್ಟೋ ತಿಂಗಳ ಮೇಲೆ ಕೊನೆಯ ಕಂತು. ಹಣ ಬರುವುದು ನಿಶ್ಚಿತ, ಯಾವಾಗ ಎಂಬುದು ಅನಿಶ್ಚಿತ. ಇಂಥ ಕಡೆ ವ್ಯಾಪಾರ ಉದ್ರಿಯ ಮೇಲಲ್ಲದೆ ಬೇರೆ ಹೇಗೆ ನಡೆದೀತು? ಹೊಲಿಗೆ ಯಂತ್ರ, ಪ್ರೆಷರ್ ಕುಕ್ಕರ್, ಎಂಬತ್ತರ ದಶಕದ ಮಿಕ್ಸಿ ಮತ್ತು ಟಿ.ವಿ., ಎಲ್ಲವೂ ಅಂಗಡಿಯ ಖಾತೆ ಪುಸ್ತಕದಲ್ಲಿ "ಕಾಫಿ ಹಣ ಬಂದಾಗ" ಎಂಬ ಷರಾದೊಂದಿಗೆ ಮನೆ ಸೇರಿದವು.

ಉದ್ರಿ ಬರೆಸಿದವನಿಗೆ ಚೌಕಾಸಿ ಮಾಡುವ ನಾಲಿಗೆ ಇರುವುದಿಲ್ಲ. ಪೆಟ್ಟಿಗೆಯ ಮೇಲೆ ಅಚ್ಚಾದ ಬೆಲೆಯೇ ಬೆಲೆ, ಅಂಗಡಿಯಲ್ಲಿರುವ ಕಂಪನಿಯೇ ಕಂಪನಿ. ಅದೂ ಖಾತೆ ತೆರೆಯುವಷ್ಟು ನಂಬಿಕೆಗೆ ಪಾತ್ರರಾದವರಿಗೆ ಮಾತ್ರ. ಲೈನ್ ಮನೆಯ ಹೆಂಗಸು ಮಿಕ್ಸಿ ಬೇಕೆಂದರೆ ಚೀಟಿ ಕಟ್ಟಿ, ಎತ್ತಿದ ಹಣವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬರಬೇಕಾಗಿತ್ತು. ರೊಕ್ಕ ಕೊಟ್ಟರೂ ಆಕೆಗೆ ತೋಟದ ಯಜಮಾನರಿಗೆ ಸಿಗುವ ರಿಯಾಯಿತಿ ಸಿಗುತ್ತಿರಲಿಲ್ಲ. ಹಳೆಯ ಅಂಗಡಿಗಳನ್ನು ಹೊಗಳುವಾಗ ನಾವು ಇದನ್ನು ಮರೆಯಬಾರದು.

1992ರಿಂದ ಪೂಲ್ ವ್ಯವಸ್ಥೆ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಕಾಫಿ ಮಾರಾಟ ಪೂರ್ಣ ಮುಕ್ತವಾಯಿತು. ಅದೇ ಹೊತ್ತಿಗೆ, 1994ರಲ್ಲಿ, ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡಗಳು ಸುಟ್ಟುಹೋದವು. ಪ್ರಪಂಚದ ಮಾರುಕಟ್ಟೆಯಲ್ಲಿ ಬೆಲೆ ಗಗನಕ್ಕೇರಿತು. ಎಲ್ಲಿಯ ಬ್ರೆಜಿಲ್, ಎಲ್ಲಿಯ ಮೂಡಿಗೆರೆ! ಅಲ್ಲಿನ ಹಿಮ ನಮ್ಮ ಊರಿನ ಅಡುಗೆಮನೆಗಳಿಗೆ ಫ್ರಿಜ್ ತಂದಿತು ಎಂದು ತರಗತಿಯಲ್ಲಿ ನಾನು ಹೇಳಿದರೆ ಮಕ್ಕಳು ನಗುತ್ತಿದ್ದರು. ನಗು ಬಹುಕಾಲ ಉಳಿಯಲಿಲ್ಲ. 2001-02ರ ಹೊತ್ತಿಗೆ ಕಾಫಿ ಬೆಲೆ ಮೂವತ್ತು ವರ್ಷಗಳಲ್ಲೇ ಕಾಣದ ಪಾತಾಳಕ್ಕೆ ಇಳಿಯಿತು. ಕೊಯ್ಲಿನ ಕೂಲಿಯೂ ಹುಟ್ಟದ ಆ ವರ್ಷಗಳಲ್ಲಿ ಖಾತೆ ಪುಸ್ತಕದ ಷರಾಗಳು ಹಾಗೆಯೇ ಉಳಿದವು. ನಾವು ವ್ಯಾಪಾರ ಮಾಡುತ್ತಿದ್ದ ಮೂಡಿಗೆರೆಯ ಅಂಗಡಿಯ ಸಾಹುಕಾರರು ಯಾರ ಮನೆ ಬಾಗಿಲಿಗೂ ಹೋಗಿ ಕೂಗಾಡಲಿಲ್ಲ. ಅವರಿಗೆ ಸರಕು ಕೊಟ್ಟವರು ಅವರ ಬಾಗಿಲಿಗೆ ಬಂದಿದ್ದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಇನ್ನು ಅಂತರ್ಜಾಲದ ಕಥೆ. ಅದಕ್ಕೂ ನಮ್ಮ ಜಿಲ್ಲೆಗೂ ಒಂದು ನಂಟಿದೆ. ಚಿಕ್ಕಮಗಳೂರಿನ ಕಾಫಿ ಮನೆತನದ ವಿ.ಜಿ. ಸಿದ್ಧಾರ್ಥ ಅವರು 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಮೊದಲ ಕೆಫೆ ಕಾಫಿ ಡೇ, ಕಾಫಿಯ ಜೊತೆಗೆ ಇಂಟರ್ನೆಟ್ಟನ್ನೂ ಒದಗಿಸುವ ಸೈಬರ್ ಕೆಫೆಯಾಗಿತ್ತು. 2007ರಲ್ಲಿ ಅದೇ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕ ಮಾರುವ ಸಂಸ್ಥೆಯಾಗಿ ಹುಟ್ಟಿತು. ಕಂಪ್ಯೂಟರಿಗೆ ಬ್ಯಾಂಕ್ ಕಾರ್ಡಿನ ಸಂಖ್ಯೆ ಒಪ್ಪಿಸಲು ಜನ ಹೆದರುತ್ತಿದ್ದುದರಿಂದ 2010ರಲ್ಲಿ ಅದು ವಸ್ತು ಕೈಸೇರಿದ ಮೇಲೆ ಹಣ ಕೊಡುವ ಪದ್ಧತಿಯನ್ನು ತಂದಿತು. ಎಲ್ಲರೂ ಇದನ್ನು ಮಹಾ ನವೀನವೆಂದು ಕೊಂಡಾಡಿದರು. ನನಗೆ ಮಾತ್ರ ನಮ್ಮ ತಂದೆಯ ವಿ.ಪಿ.ಪಿ. ಪೊಟ್ಟಣ ನೆನಪಾಯಿತು. ಆದರೆ ಮೊಮ್ಮಗ ಅಜ್ಜನಿಗಿಂತ ಸುಧಾರಿಸಿದ್ದ ಎಂಬುದನ್ನು ಒಪ್ಪಲೇಬೇಕು. ಕೆಟ್ಟ ವಸ್ತುವನ್ನು ಹಿಂದಿರುಗಿಸಬಹುದಾಗಿತ್ತು, ನಾಲ್ಕು ಕಂಪನಿಗಳ ಬೆಲೆಯನ್ನು ಒಟ್ಟಿಗೆ ನೋಡಬಹುದಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಲೈನ್ ಮನೆಯ ಹುಡುಗಿಗೂ ತೋಟದ ಯಜಮಾನರಿಗೂ ಅಲ್ಲಿ ಒಂದೇ ಬೆಲೆ.

2016ರಲ್ಲಿ ನಾನೂ ಆ ದಾರಿ ಹಿಡಿದೆ. ನಮ್ಮ ಅಕ್ಕನ ಮನೆ ಕಳಸದಿಂದ ಹೊರನಾಡಿನ ಕಡೆಗೆ. ಅವಳಿಗೊಂದು ಫ್ರಿಜ್ ಬೇಕಾಗಿತ್ತು. ಸಾಹುಕಾರರ ಅಂಗಡಿಯಲ್ಲಿ 17,400 ರೂಪಾಯಿ, ಆನ್‌ಲೈನಿನಲ್ಲಿ ಅದೇ ಫ್ರಿಜ್ 14,600. ಉಳಿತಾಯ 2,800. ಅಂಗಡಿಯವರಿಗೆ ಒಂದು ಮಾತು ಹೇಳದೆ ಆನ್‌ಲೈನಿನಲ್ಲಿ ತರಿಸಿಬಿಟ್ಟೆ. ದೊಡ್ಡ ಪೆಟ್ಟಿಗೆಯಾದ್ದರಿಂದ ಅಕ್ಕನ ಮನೆಯವರೆಗೆ ತಲುಪಿಸಲಾಗದೆಂದರು. ಮೂಡಿಗೆರೆಯಲ್ಲಿ ಇಳಿಸಿಕೊಂಡು, ಕೊಟ್ಟಿಗೆಹಾರದ ಮೇಲೆ ಪಿಕಪ್ ಗಾಡಿಯಲ್ಲಿ ಕಳುಹಿಸಿದೆ. ಬಾಡಿಗೆ 1,500 ರೂಪಾಯಿ.

ಮರುವರ್ಷದ ಆಷಾಢದಲ್ಲಿ ಫ್ರಿಜ್ ನಿಂತಿತು. ಭದ್ರಾ ನದಿ ಉಕ್ಕಿ ಹೆಬ್ಬಾಳೆ ಸೇತುವೆಯ ಮೇಲೆ ನೀರು ಹರಿಯುತ್ತಿದ್ದ ದಿನಗಳವು. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗಿ ಬಂದು ಮಾಡುತ್ತಿತ್ತು. ವಾರಂಟಿ ಇನ್ನೂ ಮುಗಿದಿರಲಿಲ್ಲ. ಸೇವಾ ಕೇಂದ್ರಕ್ಕೆ ಹತ್ತೊಂಬತ್ತು ದಿನ ಫೋನ್ ಮಾಡಿದೆ. ಅಷ್ಟು ದೂರ ಬರಲಾಗದು, ಫ್ರಿಜ್ಜನ್ನೇ ತಂದುಕೊಡಿ ಎಂದರು. ಕೊನೆಗೆ ನಾಚಿಕೆ ಬಿಟ್ಟು ಸಾಹುಕಾರರ ಬಳಿ ಹೋದೆ. ಅವರು ಎಲ್ಲಿ ಕೊಂಡಿರಿ ಎಂದು ಕೇಳಲಿಲ್ಲ. ಬೇರೆ ಕೆಲಸದ ಮೇಲೆ ಕಳಸಕ್ಕೆ ಹೊರಟಿದ್ದ ತಮ್ಮ ಮೆಕ್ಯಾನಿಕ್‌ಗೆ ಹೇಳಿದರು. ಆತ ಸುಟ್ಟುಹೋಗಿದ್ದ ರಿಲೇ ಬದಲಾಯಿಸಿ 650 ರೂಪಾಯಿ ತೆಗೆದುಕೊಂಡ. ಮೇಷ್ಟ್ರ ಬುದ್ಧಿ, ಲೆಕ್ಕ ಬರೆದೇಬಿಟ್ಟೆ: 2,800ರಲ್ಲಿ 2,150 ಕಳೆದು ಉಳಿದದ್ದು 650 ರೂಪಾಯಿ.

ಬೆಲೆ ಚೀಟಿಯಲ್ಲಿ ಕಾಣದ ಇನ್ನೊಂದು ಖರ್ಚು ವಿದ್ಯುತ್ತಿನದು. 2006ರಲ್ಲಿ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆಯು ನಕ್ಷತ್ರದ ಗುರುತಿನ ಚೀಟಿಯನ್ನು ಜಾರಿಗೆ ತಂದಿತು. ನಕ್ಷತ್ರಗಳ ಮಾನದಂಡ ಆಗಾಗ ಬಿಗಿಯಾಗುವುದರಿಂದ ನಕ್ಷತ್ರಗಳನ್ನಷ್ಟೇ ಎಣಿಸಬಾರದು. ವರ್ಷಕ್ಕೆ ಎಷ್ಟು ಯೂನಿಟ್ ಎಂದು ಅಲ್ಲೇ ಬರೆದಿರುವ ಸಂಖ್ಯೆಯನ್ನು ಓದಬೇಕು. ಊರಿನ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 75 ವ್ಯಾಟಿನ ಹಳೆಯ ಫ್ಯಾನಿಗೆ ಬದಲಾಗಿ 30 ವ್ಯಾಟಿನ ಹೊಸ ಬಗೆಯದನ್ನು ಕೊಳ್ಳಲು 1,500 ರೂಪಾಯಿ ಹೆಚ್ಚು ತೆರಬೇಕೆಂದು ಇಟ್ಟುಕೊಳ್ಳಿ. ಯೂನಿಟ್ಟಿಗೆ ಆರು ರೂಪಾಯಿಯಂತೆ, ವರ್ಷಕ್ಕೆ ಮುನ್ನೂರು ದಿನ ಹತ್ತು ಗಂಟೆ ಫ್ಯಾನ್ ಓಡುವ ಬಯಲುಸೀಮೆಯಲ್ಲಿ 810 ರೂಪಾಯಿ ಉಳಿಯುತ್ತದೆ. ನೂರು ದಿನ ಮಾತ್ರ ಫ್ಯಾನ್ ಬೇಕಾಗುವ ನಮ್ಮ ಬೆಟ್ಟದ ಮನೆಗಳಲ್ಲಿ ಉಳಿಯುವುದು 270 ರೂಪಾಯಿ. ಅಲ್ಲಿ ಎರಡು ವರ್ಷದೊಳಗೆ ಹುಟ್ಟುವ ಹಣ ಇಲ್ಲಿ ಹುಟ್ಟಲು ಐದಾರು ವರ್ಷ ಬೇಕು. ನಮ್ಮಲ್ಲಿ ವಿದ್ಯುತ್ತನ್ನು ತಿನ್ನುವುದು ಗೀಸರ್. ಎರಡು ಕಿಲೋವ್ಯಾಟಿನದು ದಿನಕ್ಕೊಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಬಚ್ಚಲೊಲೆಗೆ ತೋಟದ ಕಸಿ ಮಾಡಿದ ರೆಂಬೆಗಳೇ ಸಾಕು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಿಂದ ಹಲವರ ಬಿಲ್ಲು ಸೊನ್ನೆಯಾಗಿದೆ, ನಿಜ. ಆದರೆ ಮನೆಗೆ ನಿಗದಿಯಾದ ಮಿತಿಯನ್ನು ದಾಟಿಸುವುದು ಇಂಥ ಯಂತ್ರಗಳೇ.

ದೂರು ಕೊಡುವ ದಾರಿಯೂ ಈಗ ಸುಗಮವಾಗಿದೆ. 1986ರ ಗ್ರಾಹಕ ರಕ್ಷಣಾ ಕಾಯಿದೆಯ ಪ್ರಕಾರ ಎದುರು ಪಕ್ಷದವರು ಇರುವಲ್ಲಿ ಅಥವಾ ವ್ಯವಹಾರದ ತಕರಾರು ಹುಟ್ಟಿದಲ್ಲಿ ದೂರು ಹೂಡಬೇಕಾಗಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯಿದೆಯಂತೆ ಗ್ರಾಹಕನು ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವರ್ತಕ ಎಲ್ಲೇ ಇರಲಿ, ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಉತ್ತರ ಹೇಳಬೇಕು. ನಮ್ಮ ತಂದೆಯ ನಾಲ್ಕು ಪತ್ರಗಳಿಗೆ ಇಲ್ಲದ ಬಲ ಇದು.

2021ರಲ್ಲಿ ಸಾಹುಕಾರರು ಅಂಗಡಿ ಮುಚ್ಚಿದರು. ಮಗ ಬೆಂಗಳೂರಿನಲ್ಲಿದ್ದಾನೆ, ತಮಗೆ ವಯಸ್ಸಾಯಿತು ಎಂದರು. ಮಾತಾಡಿಸಲು ಹೋದಾಗ ಹಳೆಯ ಖಾತೆ ಪುಸ್ತಕಗಳನ್ನು ರದ್ದಿಗೆ ಕಟ್ಟುತ್ತಿದ್ದರು. ಕುತೂಹಲಕ್ಕೆ 2002ರ ಪುಸ್ತಕ ತೆರೆದೆ. ಹಲವು ಹೆಸರುಗಳ ಮೇಲೆ ಕೆಂಪು ಶಾಯಿಯ ಗೆರೆ. ಅವುಗಳ ನಡುವೆ ನಮ್ಮ ಭಾವನ ಹೆಸರು: ಮಿಕ್ಸಿ, ಬಾಕಿ 1,140 ರೂಪಾಯಿ, ಕಾಫಿ ಹಣ ಬಂದಾಗ. ಭಾವ ತೀರಿಕೊಂಡು ಆಗಲೇ ಹಲವು ವರ್ಷಗಳಾಗಿದ್ದವು. ಅಕ್ಕನಿಗೆ ಈ ಬಾಕಿಯ ವಿಷಯ ಗೊತ್ತೇ ಇರಲಿಲ್ಲ.

ಜೇಬಿನಿಂದ ಹಣ ತೆಗೆದೆ. "ಬೇಡಿ ಮೇಷ್ಟ್ರೇ, ಅದನ್ನು ಎಂದೋ ಹೊಡೆದು ಹಾಕಿಯಾಗಿದೆ. ಈಗ ತೆಗೆದುಕೊಂಡರೆ ಯಾವ ಪುಸ್ತಕದಲ್ಲಿ ಬರೆಯಲಿ?" ಎಂದು ನಕ್ಕರು. ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಕಪಾಟಿನಲ್ಲಿ ಉಳಿದಿದ್ದ ಒಂದು ಸ್ಟೆಬಿಲೈಜರ್ ತೋರಿಸಿ, "ಕೊಡಲೇಬೇಕೆಂದಿದ್ದರೆ ಇದನ್ನು ಕೊಂಡುಕೊಳ್ಳಿ, ಅಕ್ಕನ ಫ್ರಿಜ್ಜಿಗೆ ಆಗುತ್ತದೆ. ಮೊದಲೇ ಹಾಕಿಸಿದ್ದರೆ ಆ ರಿಲೇ ಸುಡುತ್ತಿರಲಿಲ್ಲ" ಎಂದರು. ಫ್ರಿಜ್ ಎಲ್ಲಿಂದ ಬಂದಿತ್ತೆಂದು ಅವರಿಗೆ ಮೊದಲಿನಿಂದಲೂ ತಿಳಿದಿತ್ತು. ಅಚ್ಚಾದ ಬೆಲೆಯನ್ನೇ ಕೊಟ್ಟು ತಂದೆ.

ಮರುದಿನ ವಿದ್ಯಾರ್ಥಿಗೆ ಹೀಗೆ ಹೇಳಿದೆ: "ನೋಡಪ್ಪಾ, ಇಸ್ತ್ರಿ ಪೆಟ್ಟಿಗೆ, ಮಿಕ್ಸಿಯಂಥ ಕೈಯಲ್ಲಿ ಹಿಡಿದು ತಿರುಗಿಸಿ ಕಳುಹಿಸಬಹುದಾದ ವಸ್ತುವನ್ನು ಬೇಕಾದರೆ ಆನ್‌ಲೈನಿನಲ್ಲಿ ತರಿಸು. ಫ್ರಿಜ್ಜಿನಂಥದ್ದಕ್ಕೆ ಮೊದಲು ಆನ್‌ಲೈನ್ ಬೆಲೆಯನ್ನು ಅಂಗಡಿಯವರಿಗೆ ಮುಚ್ಚುಮರೆಯಿಲ್ಲದೆ ಹೇಳು. ಎಷ್ಟಕ್ಕೆ ಇಳಿಸುತ್ತೀರಿ, ಮಳೆಗಾಲದಲ್ಲಿ ಕೆಟ್ಟರೆ ಮನೆಗೆ ಯಾರನ್ನು ಕಳುಹಿಸುತ್ತೀರಿ ಎಂದು ಕೇಳು. ಎರಡಕ್ಕೂ ಉತ್ತರ ಸಿಕ್ಕಿದ ಮೇಲೆ ಲೆಕ್ಕ ಹಾಕು. ನಾನು ಅಂದು ಕೇಳಲೇ ಇಲ್ಲ, ಅದು ನನ್ನ ತಪ್ಪು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ ಸಾರ್, ನಾಳೆ ಅಪ್ಪನನ್ನೇ ಅಂಗಡಿಗೆ ಕಳುಹಿಸುತ್ತೇನೆ. ಅಂಗಡಿಯವರು ಅವರಿಗೆ ಪರಿಚಯ" ಎಂದ.