ಬೀಗವೂ ಬೆಲೆಯೂ

ಪುಸ್ತಕವೊಂದನ್ನು ಕದ್ದರೆ ಅಂಗಡಿಯಲ್ಲಿ ಒಂದು ಪ್ರತಿ ಕಡಿಮೆಯಾಗುತ್ತದೆ. ಕಂಪ್ಯೂಟರಿನ ತಂತ್ರಾಂಶವನ್ನು ನಕಲು ಮಾಡಿಕೊಂಡರೆ ಎಲ್ಲಿಯೂ ಏನೂ ಕಡಿಮೆಯಾದಂತೆ ಕಾಣದು. ಲೋಕದಲ್ಲಿ ಒಂದು ಪ್ರತಿ ಹೆಚ್ಚುತ್ತದೆ, ಅಷ್ಟೆ. ನಷ್ಟವಾಗುವುದು ಅದನ್ನು ಬರೆದವನ ದುಡಿಮೆಗೆ. ಈ ವಿಚಿತ್ರವಾದ ಕಳವನ್ನು ತಡೆಯುವುದು ಹೇಗೆಂಬ ಪ್ರಶ್ನೆಗೆ ಅರ್ಧ ಶತಮಾನದ ಇತಿಹಾಸವಿದೆ.

1975ರಲ್ಲಿ ಅಮೆರಿಕದಲ್ಲಿ ಆಲ್ಟೇರ್ 8800 ಎಂಬ, ಮನೆಯಲ್ಲೇ ಜೋಡಿಸಿಕೊಳ್ಳಬಹುದಾದ ಸಣ್ಣ ಕಂಪ್ಯೂಟರ್ ಮಾರಾಟಕ್ಕೆ ಬಂದಿತು. ಬಿಲ್ ಗೇಟ್ಸ್, ಪಾಲ್ ಆಲನ್ ಎಂಬ ತರುಣರು ಮಾಂಟಿ ಡೇವಿಡಾಫ್ ಅವರ ನೆರವಿನಿಂದ ಅದಕ್ಕೊಂದು 'ಬೇಸಿಕ್' ತಂತ್ರಾಂಶವನ್ನು ರಚಿಸಿದರು. ಯಂತ್ರದ ಬಿಡಿಭಾಗಗಳ ಕಟ್ಟು 400 ಡಾಲರಿಗೂ ಕಡಿಮೆ ಬೆಲೆಗೆ ಬಂದರೆ, ಬೇಸಿಕ್ಕನ್ನು ಬಿಡಿಯಾಗಿ ಕೊಳ್ಳುವವರು 500 ಡಾಲರ್ ತೆರಬೇಕಾಗಿತ್ತು! ರಂಧ್ರ ಕೊರೆದ ಕಾಗದದ ಪಟ್ಟಿಯ ರೂಪದಲ್ಲಿದ್ದ ಆ ತಂತ್ರಾಂಶ ಕ್ಯಾಲಿಫೋರ್ನಿಯಾದ ಹವ್ಯಾಸಿಗಳ ಕೈಗೆ ಸಿಕ್ಕಿ, ನಕಲಿನ ಮೇಲೆ ನಕಲಾಗಿ ಹಬ್ಬಿತು.

1976ರ ಫೆಬ್ರವರಿ 3ರಂದು ಗೇಟ್ಸ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಆಲ್ಟೇರ್ ಉಳ್ಳವರಲ್ಲಿ ನೂರಕ್ಕೆ ಹತ್ತು ಮಂದಿಯೂ ಬೇಸಿಕ್ಕನ್ನು ಕೊಂಡಿಲ್ಲ, ತಮ್ಮ ಶ್ರಮಕ್ಕೆ ಗಂಟೆಗೆ ಎರಡು ಡಾಲರೂ ಗಿಟ್ಟಲಿಲ್ಲ ಎಂಬುದು ಅವರ ದೂರು. ದೂರು ನ್ಯಾಯವಾದುದೇ. ಆದರೆ ಬೈಗುಳದಿಂದ ನಕಲು ನಿಲ್ಲಲಿಲ್ಲ.

ಅದೇ ವರ್ಷ ಟಾಮ್ ಪಿಟ್‌ಮನ್ ಎಂಬವರು ತಾವು ಬರೆದ 'ಟೈನಿ ಬೇಸಿಕ್' ಅನ್ನು ಕೇವಲ 5 ಡಾಲರಿಗೆ ಮಾರಲು ತೊಡಗಿದರು. ಹಣ ಬರತೊಡಗಿತು. ಇನ್ನೂ ಸ್ವಾರಸ್ಯವೆಂದರೆ, ಗೆಳೆಯರಿಂದ ಆಗಲೇ ನಕಲು ಪಡೆದಿದ್ದ ಕೆಲವರು, ತಮಗೆ ಪ್ರತಿ ಬೇಡವೆಂದು ಬರೆದು ಐದು ಡಾಲರನ್ನು ಮಾತ್ರ ಕಳುಹಿಸಿದರಂತೆ. ನಕಲು ಮಾಡುವುದಕ್ಕಿಂತ ಕೊಳ್ಳುವುದೇ ಸುಲಭವೆನಿಸುವಷ್ಟು ಬೆಲೆ ಇಳಿದರೆ ಯಾರೂ ಕದಿಯರೆಂದು ಜಿಮ್ ವಾರೆನ್ ಎಂಬ ಸಂಪಾದಕರು ಆಗಲೇ ಬರೆದರು.

ವ್ಯಾಪಾರಿಗಳು ಹಿಡಿದ ದಾರಿ ಬೇರೆ. 1980ರ ದಶಕವೆಂದರೆ ಬೀಗಗಳ ದಶಕ. ಫ್ಲಾಪಿಯಲ್ಲಿ ಬೇಕೆಂದೇ ದೋಷವಿಡುವುದು, ಮೂಲ ಫ್ಲಾಪಿಯನ್ನು ತೂರಿಸಿದರೆ ಮಾತ್ರ ತಂತ್ರಾಂಶ ನಡೆಯುವಂತೆ ಮಾಡುವುದು, ಕೈಪಿಡಿಯ ಇಂಥ ಪುಟದ ಇಂಥ ಪದ ಯಾವುದೆಂದು ಕೇಳುವುದು, ಹೀಗೆ ನಾನಾ ಉಪಾಯಗಳು. ಒಂದೊಂದು ಬೀಗಕ್ಕೂ ಬೇಗನೆ ಕಳ್ಳಕೀಲಿ ಹುಟ್ಟಿತು. ಮೂಲ ಫ್ಲಾಪಿ ಕೆಟ್ಟಾಗ ಕಷ್ಟಕ್ಕೆ ಸಿಕ್ಕಿದವನು ಹಣ ಕೊಟ್ಟವನು.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ಸಿದ್ಧಪಡಿಸುತ್ತಿದ್ದ ಡಿ.ಟಿ.ಪಿ. ಅಂಗಡಿಯವರು ಕನ್ನಡ ತಂತ್ರಾಂಶವನ್ನು ಹಣ ತೆತ್ತೇ ತಂದಿದ್ದರು. ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ 'ಡಾಂಗಲ್' ಎಂಬ ಬೆರಳುದ್ದದ ಬೀಗ ಅದಕ್ಕಿತ್ತು. ಒಂದು ದಿನ ಅದು ಕೆಟ್ಟಿತು. ಬದಲಿ ಬರುವವರೆಗೆ ಎರಡು ವಾರ ಕೆಲಸ ನಿಂತಿತು. ಪಕ್ಕದ ಬೀದಿಯಲ್ಲಿ ಕದ್ದ ಪ್ರತಿಯಿಟ್ಟುಕೊಂಡವನ ಕೆಲಸ ಒಂದು ಗಳಿಗೆಯೂ ನಿಲ್ಲಲಿಲ್ಲ. "ಮೇಷ್ಟ್ರೇ, ಇದು ಕಳ್ಳನಿಗೆ ಹಾಕಿದ ಬೀಗವಲ್ಲ, ನನಗೆ ಹಾಕಿದ್ದು" ಎಂದರು ಅವರು. ಉತ್ತರ ನನ್ನಲ್ಲಿರಲಿಲ್ಲ.

ಉತ್ತರ ಕೊಟ್ಟವರೂ ಉಂಟು. 1983ರಲ್ಲಿ ಬೋರ್ಲ್ಯಾಂಡ್ ಸಂಸ್ಥೆ, ಇತರರು ನೂರಾರು ಡಾಲರಿಗೆ ಮಾರುತ್ತಿದ್ದಂಥ ಸಾಧನವನ್ನು 'ಟರ್ಬೊ ಪ್ಯಾಸ್ಕಲ್' ಎಂಬ ಹೆಸರಿನಲ್ಲಿ 49.95 ಡಾಲರಿಗೆ ತಂದಿತು. ಅದಕ್ಕೆ ಬೀಗವಿರಲಿಲ್ಲ. ತಂತ್ರಾಂಶವನ್ನು ಪುಸ್ತಕದಂತೆ ಕಾಣಿರಿ, ಒಂದು ವೇಳೆಗೆ ಒಬ್ಬರು ಬಳಸಿದರಾಯಿತು ಎಂಬುದು ಮುಂದೆ ಆ ಸಂಸ್ಥೆಯ ಪ್ರಸಿದ್ಧ ಕರಾರಾಯಿತು. ಟರ್ಬೊ ಪ್ಯಾಸ್ಕಲ್ ಚೆನ್ನಾಗಿಯೇ ಮಾರಾಟವಾಯಿತು.

ನಮ್ಮ ಕಾನೂನೂ ಪುಸ್ತಕದ ಹೋಲಿಕೆಯನ್ನೇ ಹಿಡಿದಿದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ಆದ ತಿದ್ದುಪಡಿ ಕಂಪ್ಯೂಟರ್ ಕ್ರಮವಿಧಿಯನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿತು. 1994ರ ತಿದ್ದುಪಡಿ, ತಿಳಿದೂ ತಿಳಿದೂ ಕಳ್ಳಪ್ರತಿ ಬಳಸುವವನಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆಮನೆಯನ್ನೂ 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ಗೊತ್ತುಮಾಡಿತು. ಕಳ್ಳಪ್ರತಿಗಳನ್ನೇ ಸರಕಾಗಿ ಮಾರುವವನಿಗೆ ಕಾನೂನಿನ ಭಯ ಅವಶ್ಯವೇ. ಆದರೆ ವಿದ್ಯಾರ್ಥಿಯನ್ನೂ ಸಣ್ಣ ಅಂಗಡಿಯವನನ್ನೂ ಪ್ರಾಮಾಣಿಕನಾಗಿಡುವುದು ಅವನಿಗೆ ಎಟುಕುವ ಬೆಲೆ, ಮತ್ತು ಕೊಂಡವನನ್ನು ಕಳ್ಳನೆಂದು ಶಂಕಿಸದ ನಡತೆ. ಟಾಮ್ ಪಿಟ್‌ಮನ್ನರಿಗೆ ಅಂಚೆಯಲ್ಲಿ ಬಂದ ಐದು ಡಾಲರನ್ನು ಯಾವ ಬೀಗವೂ ವಸೂಲು ಮಾಡಿದ್ದಲ್ಲ.