ಕಾರ್ಡಿನ ಕಾವಲು: ಉಬ್ಬಕ್ಷರದಿಂದ ಚಿಪ್ಪಿನವರೆಗೆ

ಕಾರ್ಡು ಕೊಟ್ಟು ಸಾಮಾನು ಕೊಳ್ಳುವ ಪದ್ಧತಿ ಶುರುವಾದ ಕಾಲದಲ್ಲಿ ವಂಚನೆ ತಡೆಯುವ ಕೆಲಸವೆಲ್ಲ ಅಂಗಡಿಯವರ ಕಣ್ಣಿಗೆ ಬಿಟ್ಟದ್ದಾಗಿತ್ತು. 1930ರ ದಶಕದಲ್ಲಿ ಅಮೆರಿಕದ ದೊಡ್ಡ ಅಂಗಡಿಗಳು ತಮ್ಮ ಖಾತೆದಾರರಿಗೆ ‘ಚಾರ್ಗಾ-ಪ್ಲೇಟ್’ ಎಂಬ ಪುಟ್ಟ ಲೋಹದ ಬಿಲ್ಲೆ ಮಾಡಿಸಿಕೊಡುತ್ತಿದ್ದವು. ಗಿರಾಕಿಯ ಹೆಸರು, ಊರು ಅದರಲ್ಲಿ ಉಬ್ಬಕ್ಷರದಲ್ಲಿರುತ್ತಿದ್ದವು. ಬಿಲ್ಲೆಯನ್ನು ಶಾಯಿಪಟ್ಟಿಗೆ ಒತ್ತಿದರೆ ರಸೀದಿಯ ಮೇಲೆ ಅಚ್ಚು ಮೂಡುತ್ತಿತ್ತು. ಎಷ್ಟೋ ಕಡೆ ಬಿಲ್ಲೆ ಅಂಗಡಿಯಲ್ಲೇ ಉಳಿಯುತ್ತಿತ್ತು. ಗುಮಾಸ್ತನಿಗೆ ಗಿರಾಕಿಯ ಮುಖ ಗೊತ್ತಿರುತ್ತಿತ್ತು. 1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಹುಟ್ಟಿ, ಒಂದೇ ಕಾರ್ಡು ಹತ್ತಾರು ಹೋಟೆಲುಗಳಲ್ಲಿ ನಡೆಯತೊಡಗಿದಾಗ ಈ ಮುಖಪರಿಚಯದ ಕಾವಲು ಕಳಚಿಬಿತ್ತು. ಕಾರ್ಡು ತಂದವನೇ ಅದರ ಒಡೆಯನೇ ಎಂಬ ಪ್ರಶ್ನೆ ಅಲ್ಲಿಂದ ಶುರುವಾಯಿತು. ಮುಂದಿನ ಎಪ್ಪತ್ತು ವರ್ಷಗಳ ಉಪಾಯಗಳೆಲ್ಲ ಇದಕ್ಕೆ ಉತ್ತರ ಹುಡುಕುವ ಪ್ರಯತ್ನಗಳೇ.

ಪ್ರಶ್ನೆಯ ಬಿಸಿ ಮೊದಲು ತಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. 1958ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ ಫ್ರೆಸ್ನೊ ಪಟ್ಟಣದ ಸುಮಾರು 60,000 ಮಂದಿಗೆ, ಯಾರೂ ಕೇಳದೆಯೇ, ಅಂಚೆಯಲ್ಲಿ ಕಾರ್ಡು ಕಳಿಸಿತು. ಯೋಜನೆ ಬೇರೆ ಊರುಗಳಿಗೆ ಹಬ್ಬಿದಂತೆ ಅಂಚೆಯಲ್ಲೇ ಕಾರ್ಡುಗಳು ಕಳವಾದವು, ನಕಲಿ ಕಾರ್ಡುಗಳೂ ಹುಟ್ಟಿಕೊಂಡವು. ಬಾಕಿ ಉಳಿಸುವವರು ಶೇ 4ರಷ್ಟಿರಬಹುದೆಂದು ಬ್ಯಾಂಕು ಎಣಿಸಿತ್ತು. ಆ ಪ್ರಮಾಣ ಶೇ 22 ಮುಟ್ಟಿತು. ಆದರೂ ಲಾಭ ಕಂಡ ಇತರ ಬ್ಯಾಂಕುಗಳು ಅದೇ ದಾರಿ ಹಿಡಿದವು. ಕೊನೆಗೆ 1970ರಲ್ಲಿ ಅಮೆರಿಕದ ಸಂಸತ್ತು ಎರಡು ಕಟ್ಟಳೆ ಮಾಡಿತು: ಕೇಳದವರಿಗೆ ಕಾರ್ಡು ಕಳಿಸುವಂತಿಲ್ಲ; ಬೇರೆಯವರು ಕಾರ್ಡು ದುರ್ಬಳಕೆ ಮಾಡಿದರೆ ಗ್ರಾಹಕರ ಹೊಣೆ 50 ಡಾಲರ್ ಮೀರುವಂತಿಲ್ಲ. ಕಾರ್ಡಿನ ಭದ್ರತೆಯ ಇತಿಹಾಸದಲ್ಲಿ ಯಾವ ಯಂತ್ರಕ್ಕೂ ಕಡಿಮೆಯಿಲ್ಲದ ಮಹತ್ವ ಈ ಎರಡನೆಯ ಕಟ್ಟಳೆಗಿದೆ. ನಷ್ಟ ತಮ್ಮ ತಲೆಗೇ ಬರುತ್ತದೆಂದು ತಿಳಿದ ಮೇಲೆ ಬ್ಯಾಂಕುಗಳು ಬೀಗ ಹುಡುಕಲು ಹೊರಟವು.

ಆ ಹೊತ್ತಿಗೆ ಅಂಗಡಿಗಳಲ್ಲಿದ್ದ ಬೀಗಗಳು ತೀರ ಸಡಿಲ. ಕಾರ್ಡನ್ನು ಚಪ್ಪಟೆ ಯಂತ್ರದಲ್ಲಿಟ್ಟು, ಮೇಲೆ ಕಾರ್ಬನ್ ಹಾಕಿದ ಚೀಟಿ ಹರಡಿ, ಹಿಡಿಯನ್ನು ಅತ್ತಿಂದಿತ್ತ ಎಳೆದರೆ ಉಬ್ಬಿದ ಅಂಕಿಗಳು ಚೀಟಿಯಲ್ಲಿ ಮೂಡುತ್ತಿದ್ದವು. ಗಿರಾಕಿ ಸಹಿ ಹಾಕಿದ ಮೇಲೆ ಅದನ್ನು ಕಾರ್ಡಿನ ಹಿಂಬದಿಯ ಸಹಿಯೊಡನೆ ಹೋಲಿಸಿ ನೋಡಬೇಕಿತ್ತು. ಕಳೆದುಹೋದ ಕಾರ್ಡುಗಳ ಸಂಖ್ಯೆಗಳನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ ಪುಸ್ತಿಕೆ ಆಗಾಗ ಅಂಗಡಿಗೆ ಬರುತ್ತಿತ್ತು. ಅದರಲ್ಲಿ ಈ ಸಂಖ್ಯೆಯಿದೆಯೇ ಎಂದು ಬೆರಳಿಟ್ಟು ಹುಡುಕಬೇಕು. ಬಿಲ್ಲು ನಿಗದಿತ ಮಿತಿ ದಾಟಿದರೆ ಬ್ಯಾಂಕಿಗೆ ಫೋನು ಮಾಡಿ ಒಪ್ಪಿಗೆ ಪಡೆಯಬೇಕು. ಸರತಿಯಲ್ಲಿ ಜನ ನಿಂತಿರುವಾಗ ಇಷ್ಟನ್ನೂ ಮಾಡುವ ವ್ಯವಧಾನ ಯಾರಿಗಿರುತ್ತದೆ? ಮಿತಿಯ ಗುಟ್ಟು ಕಳ್ಳರಿಗೂ ಗೊತ್ತಿತ್ತು. ಅದರೊಳಗಿನ ಸಣ್ಣ ಸಣ್ಣ ಖರೀದಿಗಳನ್ನೇ ಅವರು ಮಾಡುತ್ತಿದ್ದರು. ಕಸದ ಬುಟ್ಟಿಗೆ ಎಸೆದ ಕಾರ್ಬನ್ ಕಾಗದದಲ್ಲಿ ಕಾರ್ಡಿನ ಸಂಖ್ಯೆ ಪೂರ್ತಿಯಾಗಿ ಉಳಿದಿರುತ್ತಿತ್ತು. ಅದನ್ನು ಹೆಕ್ಕುವುದೇ ಒಂದು ಕಸುಬಾಯಿತು. ತಿಳಿದ ಗಿರಾಕಿಗಳು ಕಾರ್ಬನ್ನನ್ನು ಕೇಳಿ ಪಡೆದು ಹರಿದುಹಾಕುತ್ತಿದ್ದರು.

ಭಾರತಕ್ಕೆ ಡೈನರ್ಸ್ ಕ್ಲಬ್ ಕಾರ್ಡನ್ನು 1961ರಲ್ಲಿ ತಂದವರು ಕಾಲಿ ಮೋದಿ. ಬ್ಯಾಂಕೊಂದರ ಕ್ರೆಡಿಟ್ ಕಾರ್ಡು ಬಂದದ್ದು 1980ರಲ್ಲಿ, ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದಿಂದ. ಇಲ್ಲಿಯೂ ಅದೇ ಎಳೆಯುವ ಯಂತ್ರ, ಅದೇ ಕಾರ್ಬನ್ ಚೀಟಿ.

ಕಾರ್ಡಿನ ಬೆನ್ನಿನ ಕಪ್ಪು ಕಾಂತಪಟ್ಟಿ ಈ ಚೀಟಿ-ಫೋನುಗಳ ನಿಧಾನಕ್ಕೆ ಮದ್ದಾಗಿ ಬಂತು. ಐಬಿಎಂನ ಎಂಜಿನಿಯರ್ ಫಾರೆಸ್ಟ್ ಪ್ಯಾರಿ 1960ರ ದಶಕದ ಆರಂಭದಲ್ಲಿ ಕಾಂತೀಯ ಟೇಪಿನ ತುಂಡನ್ನು ಪ್ಲಾಸ್ಟಿಕ್ಕಿಗೆ ಅಂಟಿಸಲು ಹೆಣಗುತ್ತಿದ್ದಾಗ, ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಅವರ ಹೆಂಡತಿ ಇಸ್ತ್ರಿಪೆಟ್ಟಿಗೆಯ ಬಿಸಿಯಿಂದಲೇ ಅಂಟಿಸಿ ನೋಡಲು ಸೂಚಿಸಿದರೆಂಬ ಕತೆ ಪ್ರಸಿದ್ಧ. 1973ರಲ್ಲಿ ಮುಂದೆ ವೀಸಾ ಆದ ಸಂಸ್ಥೆ ಕಂಪ್ಯೂಟರಿನಿಂದಲೇ ಒಪ್ಪಿಗೆ ಕೊಡುವ ಜಾಲ ಕಟ್ಟಿತು. ನಾಲ್ಕೈದು ನಿಮಿಷದ ಕೆಲಸ ಒಂದು ನಿಮಿಷದೊಳಗೆ ಮುಗಿಯತೊಡಗಿತು. 1980ರ ದಶಕದಲ್ಲಿ ಅಗ್ಗದ ಯಂತ್ರಗಳು ಬಂದು, ಕಾರ್ಡು ಉಜ್ಜಿದೊಡನೆ ಪ್ರಶ್ನೆ ಬ್ಯಾಂಕಿಗೆ ಹೋಗುವಂತಾಯಿತು. ಕಳವಾದ ಕಾರ್ಡನ್ನು ಹಿಡಿಯಲು ಇದು ಒಳ್ಳೆಯ ಸಾಧನ. ನಕಲಿಯ ಮಾತೇ ಬೇರೆ. ಪಟ್ಟಿಯಲ್ಲಿದ್ದದ್ದು ಸದಾ ಬದಲಾಗದ ಬರಹ. ಓದಬಲ್ಲ ಯಾವ ಯಂತ್ರವೂ ಅದನ್ನು ಬೇರೊಂದು ಕಾರ್ಡಿಗೆ ಹಾಗೆಯೇ ಬರೆಯಬಲ್ಲುದು. ಕಾರ್ಡು ಒಳಗೆ ಒಯ್ದ ಹೋಟೆಲಿನ ಮಾಣಿ ಅಂಗೈಯಗಲದ ಯಂತ್ರದಲ್ಲಿ ಇನ್ನೊಮ್ಮೆ ಉಜ್ಜಿದರೆ ಸಾಕಿತ್ತು. ಮಾಸ್ಟರ್‌ಕಾರ್ಡ್ 1983ರಲ್ಲಿ ಹೊಳೆಯುವ ಹಾಲೊಗ್ರಾಮ್ ಅಂಟಿಸಿತು. ಆಮೇಲೆ ಕಾರ್ಡಿನ ಮುಖದಲ್ಲಿ ಕಾಣದ ಗುಪ್ತ ಅಂಕಿ ಪಟ್ಟಿಯೊಳಗೆ ಸೇರಿತು. ಕಸದ ಚೀಟಿ ನೋಡಿ ಕಾರ್ಡು ತಯಾರಿಸುವವರನ್ನು ಈ ಅಂಕಿ ತಡೆಯಿತು. ಪಟ್ಟಿಯನ್ನೇ ಓದಿದವರನ್ನು ತಡೆಯಲಿಲ್ಲ.

ನಿಜವಾದ ತಿರುವು ಫ್ರಾನ್ಸಿನದು. ರೋಲಾಂ ಮೊರೆನೊ 1974ರಲ್ಲಿ ಎಲೆಕ್ಟ್ರಾನಿಕ್ ಚಿಪ್ಪಿನ, ಸ್ಮರಣಶಕ್ತಿಯುಳ್ಳ ಕಾರ್ಡಿಗೆ ಪೇಟೆಂಟ್ ಪಡೆದರು. ಜರ್ಮನಿಯ ಹೆಲ್ಮುಟ್ ಗ್ರೊಟ್ರುಪ್ ಮತ್ತು ಯುರ್ಗೆನ್ ಡೆಟ್ಲೊಫ್ ಅದಕ್ಕೂ ಮೊದಲೇ ಇಂಥ ಯೋಚನೆಗೆ ಹಕ್ಕು ಕೋರಿದ್ದರು. 1992ರ ಹೊತ್ತಿಗೆ ಫ್ರಾನ್ಸಿನ ಬ್ಯಾಂಕ್ ಕಾರ್ಡುಗಳೆಲ್ಲ ಚಿಪ್ಪಿನವಾದವು. ಅಂಗಡಿಯಲ್ಲಿ ಸಹಿಯ ಬದಲು ಗುಪ್ತಸಂಖ್ಯೆ, ಅಂದರೆ ಪಿನ್, ಒತ್ತಬೇಕಾಯಿತು. ಆದರೆ ಆ ಕಾಲದ ಚಿಪ್ಪಿನ ಮುದ್ರೆಯೂ ಬದಲಾಗದ್ದೇ, ಬೀಗದ ಕೈಯ ಉದ್ದ 320 ಬಿಟ್ ಮಾತ್ರ. ಸೆರ್ಜ್ ಉಂಪಿಶ್ ಎಂಬ ಎಂಜಿನಿಯರ್ ಆ ಕೀಲಿಯನ್ನು ಒಡೆದು, ಕೃತಕ ಕಾರ್ಡಿನಿಂದ ಪ್ಯಾರಿಸ್ ಮೆಟ್ರೊ ಟಿಕೆಟುಗಳನ್ನು ಕೊಂಡು ದೋಷವನ್ನು ತೋರಿಸಿಕೊಟ್ಟರು. ಅವರಿಗೆ 2000ದಲ್ಲಿ ಶಿಕ್ಷೆಯಾಯಿತು. ದೋಷ ತೋರಿಸಿದವರನ್ನು ದಂಡಿಸಿದ್ದು ಈ ಚರಿತ್ರೆಯ ಬೇಸರದ ಪುಟ. ಬ್ಯಾಂಕುಗಳು ಉದ್ದದ ಕೀಲಿಗೆ ಹೋಗಲೇಬೇಕಾಯಿತು.

ಯೂರೊಪೇ, ಮಾಸ್ಟರ್‌ಕಾರ್ಡ್, ವೀಸಾ ಸೇರಿ 1990ರ ದಶಕದ ನಡುವೆ ಇಎಂವಿ ಎಂಬ ಸಾಮಾನ್ಯ ನಿಯಮ ರೂಪಿಸಿದವು. ಇದರಲ್ಲಿ ಕಾರ್ಡಿನೊಳಗಿನ ರಹಸ್ಯ ಕೀಲಿ ಎಂದೂ ಹೊರಬರುವುದಿಲ್ಲ. ಮೊತ್ತ, ದಿನಾಂಕ, ಯಂತ್ರ ಕೊಟ್ಟ ಯಾದೃಚ್ಛಿಕ ಸಂಖ್ಯೆ, ವಹಿವಾಟಿನ ಎಣಿಕೆ ಇವನ್ನೆಲ್ಲ ಬೆರೆಸಿ ಚಿಪ್ಪು ಆ ಒಂದು ಪಾವತಿಗಷ್ಟೇ ಸಲ್ಲುವ ಮುದ್ರೆ ಒತ್ತುತ್ತದೆ. ಕದ್ದರೂ ಅದು ಮರುಕ್ಷಣಕ್ಕೆ ಉಪಯೋಗವಿಲ್ಲ. ಬ್ರಿಟನ್ 2003ರಲ್ಲಿ ನಾರ್ಥಾಂಪ್ಟನ್ನಿನಲ್ಲಿ ಪ್ರಯೋಗ ನಡೆಸಿ, 2006ರ ಫೆಬ್ರವರಿ 14ರಿಂದ ಅಂಗಡಿಗಳಲ್ಲಿ ಪಿನ್ ಕಡ್ಡಾಯ ಮಾಡಿತು. ಹೋಟೆಲುಗಳಲ್ಲಿ ತಂತಿಯಿಲ್ಲದ ಯಂತ್ರವನ್ನು ಮೇಜಿನ ಬಳಿಗೇ ತರುವ ರೂಢಿ ಬೆಳೆದದ್ದರ ಹಿಂದೆಯೂ ಪಿನ್ ಇದೆ. ಒತ್ತಬೇಕಾದವರು ಗಿರಾಕಿಯೇ ಆದ್ದರಿಂದ ಕಾರ್ಡು ಕಣ್ಣಳವಿನಲ್ಲೇ ಉಳಿಯಿತು.

ಆದರೂ ಕಾವಲು ಪೂರ್ಣವಾಗಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಬ್ರಿಟನ್ನಿನ ಶೆಲ್ ಪೆಟ್ರೋಲ್ ಬಂಕುಗಳಲ್ಲಿ ಯಂತ್ರಗಳನ್ನೇ ತಿದ್ದಿ 10 ಲಕ್ಷ ಪೌಂಡಿಗೂ ಹೆಚ್ಚು ಲಪಟಾಯಿಸಿದ್ದು ಬಯಲಾಗಿ, ಪಿನ್ ಪಾವತಿಯನ್ನು ಕೆಲಕಾಲ ನಿಲ್ಲಿಸಬೇಕಾಯಿತು. 2010ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು, ಕದ್ದ ಕಾರ್ಡು ಮತ್ತು ಯಂತ್ರದ ನಡುವೆ ಸಣ್ಣ ಉಪಕರಣ ತೂರಿಸಿ ಯಾವ ಅಂಕಿ ಒತ್ತಿದರೂ ‘ಪಿನ್ ಸರಿಯಿದೆ’ ಎನ್ನಿಸಬಹುದೆಂದು ತೋರಿಸಿದರು. ಇದು ಬರೀ ತಾಂತ್ರಿಕ ಸೋಜಿಗವಾಗಿರಲಿಲ್ಲ. ಪಿನ್ ಒತ್ತಿದ ದಾಖಲೆಯಿದೆ, ಆದ್ದರಿಂದ ತಪ್ಪು ನಿಮ್ಮದೇ ಎಂದು ಹಣ ಕಳೆದುಕೊಂಡ ಗ್ರಾಹಕರಿಗೆ ಬ್ಯಾಂಕುಗಳು ಹೇಳುತ್ತಿದ್ದವು. ಸಹಿ ಬೇಕಿದ್ದ ಕಾಲದಲ್ಲಿ ಬ್ಯಾಂಕಿನ ಮೇಲಿದ್ದ ಭಾರ ಸದ್ದಿಲ್ಲದೆ ದುರ್ಬಲರ ಹೆಗಲಿಗೆ ಜಾರಿತ್ತು.

ಅಮೆರಿಕ ಮಾತ್ರ ಕಾಂತಪಟ್ಟಿಯನ್ನು ಬಿಡಲೊಲ್ಲದೆ ಕುಳಿತಿತ್ತು. 2013ರ ಕೊನೆಯಲ್ಲಿ ಟಾರ್ಗೆಟ್ ಅಂಗಡಿಗಳ ಬಿಲ್ಲಿಂಗ್ ಯಂತ್ರಗಳಿಗೆ ಕುತಂತ್ರಾಂಶ ನುಗ್ಗಿ ಸುಮಾರು 4 ಕೋಟಿ ಕಾರ್ಡುಗಳ ವಿವರ ದೋಚಿತು. 2015ರ ಅಕ್ಟೋಬರ್ 1ರಿಂದ ಕಾರ್ಡು ಸಂಸ್ಥೆಗಳು ನಿಯಮ ತಿರುಗಿಸಿದವು: ಚಿಪ್ಪಿನ ಕಾರ್ಡಿದ್ದೂ ಅಂಗಡಿಯ ಯಂತ್ರ ಚಿಪ್ಪು ಓದದಿದ್ದರೆ, ನಕಲಿ ಕಾರ್ಡಿನ ನಷ್ಟ ಅಂಗಡಿಯದು. ಕೆಲವೇ ವರ್ಷಗಳಲ್ಲಿ ಯಂತ್ರಗಳು ಬದಲಾದವು.

ಭಾರತದಲ್ಲಿ ರಿಸರ್ವ್ ಬ್ಯಾಂಕು ಪಿನ್ ವಿಷಯದಲ್ಲಿ ಇಷ್ಟು ಕಾಯಲಿಲ್ಲ. 2013ರ ಡಿಸೆಂಬರ್ 1ರಿಂದ ಅಂಗಡಿಯಲ್ಲಿ ಡೆಬಿಟ್ ಕಾರ್ಡಿಗೆ ಪಿನ್ ಕಡ್ಡಾಯವಾಯಿತು. ಹಳೆಯ ಪಟ್ಟಿ ಕಾರ್ಡುಗಳನ್ನೆಲ್ಲ ಚಿಪ್ಪಿನವಾಗಿ ಬದಲಿಸಲು 2018ರ ಡಿಸೆಂಬರ್ 31 ಗಡುವಾಯಿತು. ತಾಗಿಸಿ ಕೊಡುವ ಪಾವತಿಗೆ 2015ರಲ್ಲಿ ಪಿನ್ ಇಲ್ಲದೆ 2,000 ರೂಪಾಯಿಯವರೆಗೆ ಅವಕಾಶ ಸಿಕ್ಕಿತು, 2021ರ ಜನವರಿಯಿಂದ 5,000ಕ್ಕೆ ಏರಿತು. ಕಳೆದುಹೋದ ಕಾರ್ಡನ್ನು ಯಾರು ಬೇಕಾದರೂ ತಾಗಿಸಬಹುದಾದ್ದರಿಂದ ಮಿತಿ ಅನಿವಾರ್ಯ. ಈ ಸೌಲಭ್ಯ ಬೇಡವೆನ್ನುವವರು 2020ರ ನಿಯಮದಿಂದ ಬ್ಯಾಂಕಿನ ಆ್ಯಪಿನಲ್ಲೇ ಅದನ್ನು ಮುಚ್ಚಿಡಬಹುದು. ಹೊಸ ಕಾರ್ಡು ಕೈಗೆ ಬಂದಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಗಳಿಗಷ್ಟೇ ತೆರೆದಿರುತ್ತದೆ. 2017ರ ಜುಲೈ ಸುತ್ತೋಲೆ ನಷ್ಟದ ಪಾಲನ್ನೂ ನಿಗದಿಮಾಡಿತು. ಬ್ಯಾಂಕಿನದೂ ಗ್ರಾಹಕರದೂ ಅಲ್ಲದ, ವ್ಯವಸ್ಥೆಯ ಬೇರೆಲ್ಲೋ ಆದ ಲೋಪದಿಂದ ಹಣ ಹೋದರೆ, ಬ್ಯಾಂಕಿನ ಸೂಚನೆ ಸಿಕ್ಕ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಹೊಣೆಯಿಲ್ಲ. ನಾಲ್ಕರಿಂದ ಏಳನೇ ದಿನದವರೆಗೆ ಸೀಮಿತ ಹೊಣೆ. ಪಿನ್ನನ್ನು ತಾವೇ ಬೇರೆಯವರಿಗೆ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ. ತಿಳಿಸಿದ ನಂತರದ್ದು ಬ್ಯಾಂಕಿನದು.

ಚಿಪ್ಪು ಬಂದ ಮೇಲೂ ಕಾರ್ಡಿನ ಬೆನ್ನಿನ ಕಪ್ಪು ಪಟ್ಟಿ ಉಳಿದದ್ದು ಹಳೆಯ ಯಂತ್ರಗಳಿರುವ ಕಡೆಯೂ ಕಾರ್ಡು ನಡೆಯಲೆಂದು. ಆ ಉಳಿಕೆಯೇ ನಕಲಿಗಾರರಿಗೆ ಕೊನೆಯ ಬಾಗಿಲು. ಮಾಸ್ಟರ್‌ಕಾರ್ಡ್ 2021ರಲ್ಲಿ ಪ್ರಕಟಿಸಿದ ಯೋಜನೆಯಂತೆ ಹಲವು ದೇಶಗಳಲ್ಲಿ 2024ರಿಂದ ಪಟ್ಟಿ ಕಡ್ಡಾಯವಲ್ಲ, 2029ರಿಂದ ಹೊಸ ಕ್ರೆಡಿಟ್, ಡೆಬಿಟ್ ಕಾರ್ಡುಗಳಿಗೆ ಅದಿರುವುದಿಲ್ಲ, 2033ರ ಹೊತ್ತಿಗೆ ಆ ಸಂಸ್ಥೆಯ ಇಂಥ ಯಾವ ಕಾರ್ಡಿನಲ್ಲೂ ಅದು ಉಳಿಯುವುದಿಲ್ಲ.